ನಾನು ಗಿರಿಜಕ್ಕನಾದದ್ದು

ಮಧ್ಯಾಹ್ನ ಊಟವಾದ ಮೇಲೆ ಮನುಷ್ಯ ಆಡಿದ ಮಾತಿಗೆ ಅವನನ್ನು ಹೊಣೆ ಮಾಡಬಾರದು ಎಂಬುದು ನನ್ನ ಬಹುದಿನದ ವಾದ. ಎರಡು ರೊಟ್ಟಿ, ಎಣಗಾಯಿ, ಮೇಲೊಂದು ಲೋಟ ಮಜ್ಜಿಗೆ ಒಳಗೆ ಹೋದವೆಂದರೆ ನಾನು ನಾನಾಗಿ ಉಳಿಯುವುದಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತದೆ, ಮೇಲೆ ಫ್ಯಾನು ಗರಗರ ಅನ್ನುತ್ತಿರುತ್ತದೆ, ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ‘ಆತು’ ಎಂದುಬಿಡುತ್ತೇನೆ. ನನ್ನ ಮದುವೆಗೂ ಇಂಥದೇ ಒಂದು ಮಧ್ಯಾಹ್ನ ‘ಆತು’ ಎಂದಿದ್ದೆನಂತೆ, ನನಗೆ ನೆನಪಿಲ್ಲ. ನಮ್ಮ ಮನೆಯ ಕೌದಿ ವ್ಯಾಪಾರದ ಮೊಬೈಲ್ ಪೇಜು ನನ್ನ ಕೊರಳಿಗೆ ಬಿದ್ದದ್ದೂ ಹೀಗೆಯೇ.

ಹೊದೆಯುವ ಕೌದಿ ಹೊಲಿಯುವವಳು ನನ್ನ ಹೆಂಡತಿ ಗಿರಿಜಾ. ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಸೀರೆಗಳ ಗುಡ್ಡೆ, ಅದರ ನಡುವೆ ಅವಳು, ಅವಳ ಆಚೆಗೊಬ್ಬರು ಈಚೆಗೊಬ್ಬರು ಫಕೀರವ್ವ ಮತ್ತು ಮಹಾದೇವಿ. ಮೂವರೂ ಸೂಜಿ ಹಿಡಿದು ಕೂತರೆ ಊರಿನ ಸುದ್ದಿಯೆಲ್ಲ ಸೀರೆಯ ಪದರದೊಳಗೆ ಸೇರಿ ಹೋಗುತ್ತದೆ. ಕೆಲಸ ಚಂದ, ಆದರೆ ಕೊಳ್ಳುವವರು ಕಡಿಮೆಯಾಗಿದ್ದರು. ಅಂಗಡಿಯಲ್ಲಿ ಹತ್ತಿ ಮೋಡದಂಥ ರಗ್ಗು ಸಿಗುವಾಗ ಕೌದಿ ಯಾರಿಗೆ ಬೇಕು? “ದೀಪಾವಳಿ ಮಟಾ ನೋಡ್ತೇನಿ, ಆರ್ಡರ್ ಬರಲಿಲ್ಲಂದ್ರ ಇವರಿಬ್ಬರಿಗೂ ಬ್ಯಾರೆ ಕೆಲಸ ನೋಡ್ಕೋರಿ ಅಂತ ಹೇಳಬೇಕಾಗ್ತೈತಿ” ಎಂದು ಗಿರಿಜಾ ಒಂದು ದಿನ ನನ್ನೆದುರು ಹೇಳಿದಳು. ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ನಮ್ಮ ಮನೆಯಲ್ಲಿ ಅವಳ ದನಿ ಸಣ್ಣದಾಗುವುದು ಅಪರೂಪ, ಹಾಗಾಗಿ ನನಗೂ ಹೆದರಿಕೆಯಾಯಿತು.

ಗಿರಿಜಾಳ ಅಕ್ಕನ ಮಗಳು ಸುಧಾ ತಾರಿಹಾಳದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಳೆ. ರವಿವಾರ ಬಂದವಳು ‘ಗಿರಿಜಕ್ಕನ ಕೌದಿ’ ಅಂತ ಪೇಜು ತೆರೆದು, ಮನೆಯ ವಿಳಾಸ ಬರೆದು, ಹೊಲಿಯುತ್ತಿದ್ದ ಗಿರಿಜಾಳ ಎರಡು ಕೈಗಳ ಫೋಟೋ ಹಾಕಿ, ಊಟ ಮಾಡಿ ಒರಗಿದ್ದ ನನ್ನ ಕೈಗೆ ಮೊಬೈಲ್ ಕೊಟ್ಟಳು. “ಕಾಕಾ, ಪೇಜ್ ಅಂದ್ರ ಅಂಗಡಿ ಮುಂದಿನ ಬೋರ್ಡ್ ಅಲ್ರಿ. ಮಂದೀನ್ನ ಮಾತಾಡಸ್ಕೋತ ಇರಬೇಕು. ಅವರು ಒಂದ ಮಾತು ಬರದ್ರ ನೀವು ಎರಡು ಬರೀರಿ. ಬಂದವರು ಹೊಳ್ಳಿ ಹೋಗದಂಗ ನೋಡ್ಕೋಬೇಕು.” ನಾನು ‘ಆತು’ ಅಂದೆ. ಗಿರಿಜಾ ಒಳಗಿನಿಂದಲೇ, “ನನಗ ಅದನ್ನೆಲ್ಲಾ ನೋಡಾಕ ಪುರಸೊತ್ತಿಲ್ಲ, ನೀವs ಮಾಡ್ರಿ, ಹೆಂಗೂ ರಿಟೈರ್ ಆಗೀರಿ” ಎಂದಳು. ರಿಟೈರಾದ ಗಂಡಸಿನ ಬಗ್ಗೆ ಹೆಂಗಸರಿಗೆ ಇರುವ ಅಭಿಪ್ರಾಯ ಇಷ್ಟೇ.

ಸರಕಾರಿ ಕಚೇರಿಯಲ್ಲಿ ಪತ್ರ ಬರೆದು ಬರೆದು ಸವೆದ ಕೈ ನನ್ನದು. ಮೊದಲ ದಿನ ಬೆಳಿಗ್ಗೆ ನೀಟಾಗಿ ಕನ್ನಡಕ ಹಾಕಿಕೊಂಡು ಬರೆದೆ: ‘ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮಲ್ಲಿ ಕೌದಿಗಳು ಲಭ್ಯವಿರುತ್ತವೆ.’ ಸಂಜೆಯವರೆಗೆ ಇಬ್ಬರು ಮೆಚ್ಚಿದ್ದರು. ಒಬ್ಬಳು ಸುಧಾ, ಇನ್ನೊಬ್ಬ ನಾನು. ಮರುದಿನ ‘ದಿನಾಂಕ ನಿನ್ನೆಯ ಪ್ರಕಟಣೆಯ ಮುಂದುವರಿಕೆಯಾಗಿ’ ಎಂದು ಶುರುಮಾಡಿದ್ದನ್ನು ಸುಧಾ ಫೋನು ಮಾಡಿ ತೆಗೆಸಿದಳು.

ಆಮೇಲೆ ಒಂದು ಮಧ್ಯಾಹ್ನ, ಗಿರಿಜಾ ಮತ್ತು ಆ ಇಬ್ಬರೂ ಚಹಾಕ್ಕೆಂದು ಹಿತ್ತಲಿಗೆ ಹೋಗಿದ್ದಾಗ, ನಾನು ಆ ಸೀರೆಗಳ ಗುಡ್ಡೆಯ ಮೇಲೆ ಹೋಗಿ ಒರಗಿದೆ. ಹಳೆಯ ನೂಲಿನ ಸೀರೆಗೆ ಒಂದು ತಂಪು ಇರುತ್ತದೆ. ನೂರು ಸಲ ಒಗೆದು, ಬಿಸಿಲಿಗೆ ಹಾಕಿ, ಮಡಚಿದ ಮೇಲೆ ಬರುವ ತಂಪು ಅದು. ಕೆನ್ನೆ ತಾಗಿದ ಕೂಡಲೇ ನಮ್ಮವ್ವ ನೆನಪಾದಳು. ಜ್ವರ ಬಂದಾಗ ಅವಳು ನನ್ನ ಮೇಲೆ ಹೊದಿಸುತ್ತಿದ್ದ ಕೌದಿಯಲ್ಲಿ ಒಂದು ನೀಲಿ ತುಂಡಿತ್ತು, ಅದರಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕಿ. ನಾನು ಆ ಚುಕ್ಕಿಗಳನ್ನು ಎಣಿಸುತ್ತ ಎಣಿಸುತ್ತ ಜ್ವರದೊಳಗೇ ಎಲ್ಲಿಗೋ ತೇಲಿಹೋಗುತ್ತಿದ್ದೆ. ಎಣಿಕೆ ಒಂದು ದಿನವೂ ಮುಗಿಯಲಿಲ್ಲ. ಇದನ್ನೇ ಅರೆಗಣ್ಣಿನಲ್ಲಿ ಬರೆದು, ‘ನಿಮ್ಮ ಮನಿ ಕೌದಿಯೊಳಗ ಯಾರ ಸೀರಿ ಇತ್ತು?’ ಎಂದು ಕೊನೆಗೆ ಸೇರಿಸಿ, ನಿದ್ದೆ ಹೋದೆ.

ಎದ್ದು ನೋಡಿದರೆ ಪೇಜು ತುಂಬ ಮಂದಿ. ಅಜ್ಜಿಯ ಸೀರೆ, ಅತ್ತೆಯ ಸೀರೆ, ಸಾಲಿ ಬಿಟ್ಟ ವರ್ಷದ ಲಂಗ. ಎಲ್ಲರೂ ‘ಅಕ್ಕಾ’, ‘ಅಕ್ಕಾರ’ ಎಂದೇ ಬರೆದಿದ್ದರು. ಪೇಜಿನ ಮೇಲೆ ಗಿರಿಜಕ್ಕನ ಹೆಸರು, ಗಿರಿಜಕ್ಕನ ಕೈ. ನಾನು ಅಕ್ಕನಲ್ಲ, ಅಕ್ಕನ ಗಂಡ ಎಂದು ಹೇಳಬೇಕಿತ್ತು. ಆದರೆ ‘ಅಕ್ಕಾರ, ನಿಮ್ಮ ಮಾತು ಓದಿ ಕಣ್ಣಾಗ ನೀರು ಬಂತರಿ’ ಎಂದು ಬರೆದವಳಿಗೆ, ‘ತಾಯೀ, ನಾನೊಬ್ಬ ನಿವೃತ್ತ ಗುಮಾಸ್ತ’ ಎಂದು ಹೇಳುವ ಧೈರ್ಯ ಯಾರಿಗಿದೆ? ಇವತ್ತೊಂದು ದಿನ ಇರಲಿ ಎಂದುಕೊಂಡೆ. ಅಂಥ ಇವತ್ತುಗಳು ಬಹಳ ಆದವು.

ಆ ಮಧ್ಯಾಹ್ನಗಳನ್ನು ನೆನೆಸಿದರೆ ಈಗಲೂ ಮೈ ಹಗುರಾಗುತ್ತದೆ. ಕಾಣದ ಮನೆಗಳ ಅಡುಗೆಮನೆಯಲ್ಲಿ ಕೂತಂತೆ, ಗುರುತಿಲ್ಲದ ಹೆಣ್ಣುಮಕ್ಕಳು ಎದುರಿಗೆ ಮಂಡಿ ಮಡಚಿ ಕೂತು ಮಾತಾಡಿದಂತೆ. ನಾನು ಎಲ್ಲರಿಗೂ ಉತ್ತರ ಬರೆಯುತ್ತಿದ್ದೆ, ಪ್ರತಿ ಉತ್ತರದ ಕೊನೆಗೆ, ‘ಬರ್ರಿ ಮನಿಗೆ, ಚಹಾ ಕುಡದು ಹೋಗೀರಂತ’. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಇದನ್ನು ಹೇಳದೆ ಮಾತು ಮುಗಿಸುವುದು ಸಂಸ್ಕಾರವಲ್ಲ. ಬಸ್ಸಿನ ಕಿಟಕಿಯಿಂದಲೂ ‘ಬರ್ರಿ ಮನಿಗೆ’ ಎನ್ನುತ್ತೇವೆ, ಕೇಳಿದವರು ‘ಆತ್ರಿ, ಬರ್ತೇನ್ರಿ’ ಎನ್ನುತ್ತಾರೆ, ಬಸ್ಸು ಹೋಗುತ್ತದೆ, ಯಾರೂ ಬರುವುದಿಲ್ಲ. ಇಷ್ಟು ವರ್ಷ ನಾನು ಕರೆದವರೆಲ್ಲ ಬಂದಿದ್ದರೆ ನಮ್ಮ ಮನೆಯಲ್ಲಿ ಸಕ್ಕರೆ ಉಳಿಯುತ್ತಿರಲಿಲ್ಲ.

ಉಪ್ಪಿನಬೆಟಗೇರಿಯ ನೀಲವ್ವ ಎಂಬಾಕೆ ದಿನವೂ ಬರೆಯುತ್ತಿದ್ದಳು. ತಾಯಿ ತೀರಿಕೊಂಡು ವರ್ಷವಾಗಿತ್ತು. ತಾಯಿಯ ಸೀರೆಗಳನ್ನು ಪೆಟ್ಟಿಗೆಯಲ್ಲಿಟ್ಟಿದ್ದಳು, ಉಡಲೂ ಮನಸ್ಸಿಲ್ಲ, ಕೊಡಲೂ ಮನಸ್ಸಿಲ್ಲ, ಕತ್ತರಿ ತಾಗಿಸುವುದಂತೂ ದೂರ. ನಾನು ಬರೆದೆ: ‘ಪೆಟ್ಟಿಗಿಯೊಳಗ ಇಟ್ಟ ಸೀರಿ ನುಸಿಗುಳಿಗಿ ವಾಸನಿ ಬರ್ತೈತಿ ತಂಗಿ. ಕೌದಿ ಹೊಲಸಿದ್ರ ಅವ್ವ ಮೈಮ್ಯಾಲೆ ಕೈ ಇಟ್ಟಂಗ ಇರ್ತೈತಿ. ಬರ್ರಿ ಮನಿಗೆ.’

ಮುಂದಿನ ಮಂಗಳವಾರ ಹನ್ನೊಂದು ಗಂಟೆಗೆ ಬಾಗಿಲ ಮುಂದೆ ಆಟೋ ನಿಂತಿತು. ದೊಡ್ಡ ಗಂಟು ಹೊತ್ತ ಒಬ್ಬ ಹೆಂಗಸು ಇಳಿದು, “ಗಿರಿಜಕ್ಕಾರ ಮನಿ ಇದs ಏನ್ರಿ? ನಾ ನೀಲವ್ವ, ಉಪ್ಪಿನಬೆಟಗೇರಿಯಿಂದ” ಎಂದಳು. ನಿಜ ಗೊತ್ತಾದರೆ ಈಕೆ ಗಂಟು ಹೊತ್ತು ಹಾಗೇ ಹೊಳ್ಳಿ ಹೋಗುತ್ತಾಳೆ, ಗಂಡಸೊಬ್ಬ ಅಕ್ಕನ ವೇಷ ಹಾಕಿ ತನ್ನ ದುಃಖ ಕೇಳಿದನೆಂದು ಪೇಜಿನ ತುಂಬ ಬರೆಯುತ್ತಾಳೆ, ಗಿರಿಜಾಳ ಹೆಸರು ಹಾಳು, ಫಕೀರವ್ವ ಮಹಾದೇವಿಯರ ಕೆಲಸವೂ ಹೋಯಿತು. ತಪ್ಪು ನನ್ನದು, ಹೋಗುವುದು ಅವರದು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಹೊರಗೆ ಬಂದಳು, ನೀಲವ್ವ ಗಂಟು ಕೆಳಗಿಟ್ಟು ಅವಳನ್ನು ತಬ್ಬಿಕೊಂಡು ಅತ್ತಳು.

“ಅಕ್ಕಾರ, ನೀವು ಬರದದ್ದು ಓದಿ ಓದಿ ನಂಗ ಬಾಯಿಪಾಠ ಆಗೈತ್ರಿ. ಅವ್ವ ಮೈಮ್ಯಾಲೆ ಕೈ ಇಟ್ಟಂಗ ಇರ್ತೈತಿ ಅಂದ್ರೆಲ್ಲಾ, ಅವತ್ತs ಪೆಟ್ಟಿಗಿ ತಗದೆ ನೋಡ್ರಿ. ನಿಮಗ ಜ್ವರ ಬಂದಾಗ ನೀಲಿ ತುಂಡಿನ ಚುಕ್ಕಿ ಎಣಸ್ತಿದ್ರೆಲ್ಲಾ, ನಮ್ಮವ್ವಂದೂ ಅಂಥಾದs ಒಂದು ಸೀರಿ ಐತ್ರಿ.”

ಗಿರಿಜಾ ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿದಳು. ಚುಕ್ಕಿ ಎಣಿಸಿದ ಸಂಗತಿಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಆಮೇಲೆ ನೀಲವ್ವನ ಬೆನ್ನು ಸವರಿ, “ಅಳಬ್ಯಾಡವಾ ತಂಗಿ, ಒಳಗ ಬಾ” ಎಂದಳು. ನನ್ನ ಕಡೆ ತಿರುಗಿ, “ನೀವು ಚಹಾಕ್ಕ ಇಡ್ರಿ” ಎಂದಳು.

ಚಹಾ ತಂದಾಗ ಚಾಪೆಯ ಮೇಲೆ ಸೀರೆಗಳು ಹರಡಿದ್ದವು. ಗಿರಿಜಾ ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಬದಿಗಿಡುತ್ತಿದ್ದಳು, ಕತ್ತರಿ ತಾಗಿಸುವ ಮೊದಲು ಅದು ಅವಳ ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಅದರ ಹೊಟ್ಟೆ ಬರಿದಾಗಿರಬಾರದೆಂದು ನಾಲ್ಕು ಜೋಳದ ಕಾಳು ಹಾಕುವುದನ್ನು ನೀಲವ್ವನಿಗೆ ಹೇಳುತ್ತಿದ್ದಳು. ಮೂರು ಕೌದಿ, ನೀಲವ್ವನಿಗೊಂದು, ಅಕ್ಕತಂಗಿಯರಿಗೆರಡು ಎಂದು ಮಾತಾಗಿತ್ತು. ನಾನು ಬಾಗಿಲಲ್ಲಿ ಟ್ರೇ ಹಿಡಿದು ಮೂಕನಂತೆ ನಿಂತೆ. ಬಾಯಿ ತೆರೆದರೆ ಪೇಜಿನ ಭಾಷೆ ಹೊರಬಿದ್ದೀತೆಂಬ ಭಯ.

ನೀಲವ್ವ ಹೊರಡುವಾಗ ದನಿ ತಗ್ಗಿಸಿ, “ಅಕ್ಕಾರ, ನಿಮ್ಮ ಮನಿಯವರು ಭಾಳ ಮಾತಾಡಂಗಿಲ್ಲೇನ್ರಿ?” ಎಂದು ಕೇಳಿದಳು.

“ಇಲ್ಲವಾ. ಅವರಿಗೆ ಇಂಥಾವೆಲ್ಲಾ ತಿಳಿಯಂಗಿಲ್ಲ, ಪಾಪ” ಎಂದಳು ಗಿರಿಜಾ.

ಆಟೋ ಹೋದ ಮೇಲೆ ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಗಿರಿಜಾ ಬೈಯಲಿಲ್ಲ. ಮೊಬೈಲ್ ಇಸಿದುಕೊಂಡು ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಎಲ್ಲ ಓದಿದಳು. ರೊಟ್ಟಿ ತಣ್ಣಗಾದವು. ಕೊನೆಗೆ ಮೊಬೈಲ್ ನನ್ನ ಮಡಿಲಲ್ಲಿಟ್ಟು, “ಊರ ಮಂದಿಗೆಲ್ಲಾ ಅಕ್ಕ ಆಗಿ ಇಷ್ಟ ಛಂದ ಮಾತಾಡೀರಿ. ನನ್ನ ಕೂಡ ಒಂದ ದಿವಸ ಹಿಂಗ ಮಾತಾಡಿದ್ರ ಏನ್ ಗಂಟು ಹೋಗ್ತಿತ್ರಿ?” ಎಂದಳು. ಎದುರಿಗೆ ಕೂತ ಮನುಷ್ಯರಿಗೆ ಉತ್ತರ ಕೊಡುವುದು ನನಗೆ ಮೊದಲಿನಿಂದಲೂ ಕಷ್ಟ.

ಸಂಜೆ ನೀಲವ್ವ ಪೇಜಿನಲ್ಲಿ ಬರೆದಳು: ‘ಅಕ್ಕಾರ, ನಿಮ್ಮನ್ನ ನೋಡಿ ಜೀವಕ್ಕ ಸಮಾಧಾನ ಆತ್ರಿ. ಆದ್ರ ನಿಮ್ಮ ಮನಿಯವರನ್ನೂ ಒಂದೀಟು ಮಾತಾಡಸ್ರಿ, ಪಾಪ, ಒಬ್ಬರs ನಿಂತಿದ್ರು.’ ನನ್ನ ಬಗ್ಗೆ ನಾನೇ ನನ್ನ ಹೆಂಡತಿಯಾಗಿ ಏನು ಬರೆಯಲಿ? ಒಳ್ಳೆಯದು ಬರೆದರೆ ಸುಳ್ಳಾಗುತ್ತದೆ, ಕೆಟ್ಟದ್ದು ಬರೆಯಲು ಮನಸ್ಸು ಬಾರದು. ಸೂಜಿಗೆ ದಾರ ಪೋಣಿಸುತ್ತಿದ್ದ ಗಿರಿಜಾ ತಲೆ ಎತ್ತದೆ, “ಹಿಂಗ ಬರೀರಿ” ಎಂದಳು, “ಇಪ್ಪತ್ತೆಂಟು ವರ್ಷ ಮಾತಾಡಿಸಿ ನೋಡೇನಿ ತಂಗಿ. ಇವತ್ತs ಅವರ ಮಾತು ಸ್ವಲ್ಪ ಕೇಳಿಸೇತಿ.”

ಅಕ್ಷರ ತಪ್ಪದಂತೆ ಬರೆದು ಕಳಿಸಿದೆ. ಆ ಪೇಜಿನಲ್ಲಿ ನಿಜವಾದ ಗಿರಿಜಕ್ಕ ಆಡಿದ ಮಾತು ಅದೊಂದೇ. ಅದಕ್ಕೆ ಬಿದ್ದಷ್ಟು ಮೆಚ್ಚುಗೆ ನನ್ನ ಯಾವ ಉತ್ತರಕ್ಕೂ ಬಿದ್ದಿಲ್ಲ.