ಮಾಮನ ಒಂದು ಮಿನಿಟು

ನಮ್ಮ ಮಾಮ ಸುಳ್ಳುಗಾರನಲ್ಲ, ಅವನು ಕಲಿತ ಇಂಗ್ಲಿಷೇ ಸುಳ್ಳು! ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಮಸ್ಕಿಯ ಮಂದಿಗೆ ಅಷ್ಟು ಸಾಕಾಗಿತ್ತು. ಅವ್ವನ ಈ ತಮ್ಮನಿಗೆ ಮಾತ್ರ ಸಾಲಲಿಲ್ಲ. ಲಿಂಗಸುಗೂರಿನ ಕಡೆ ಚಿನ್ನದ ಗಣಿಯ ಬಿಳಿ ಸಾಹೇಬನಿಗೆ ಅಡುಗೆ ಮಾಡಿ ಹಾಕಿ, ಮೂರೇ ಮೂರು ಇಂಗ್ಲಿಷ್ ಮಾತು ಗಂಟು ಕಟ್ಟಿಕೊಂಡು ಬಂದ. ಹೊರಗೆ ಹೊರಟರೆ ‘ಜಸ್ಟ್ ಎ ಮಿನಿಟ್’, ಅಂದರೆ ಒಂದೇ ನಿಮಿಷ. ಯಾವಾಗ ಬರುತ್ತೀ ಎಂದರೆ ‘ಇನ್ ನೋ ಟೈಮ್’, ಹೊತ್ತೇ ಹಿಡಿಯುವುದಿಲ್ಲ. ಎದುರು ಸಿಕ್ಕವರಿಗೆಲ್ಲ ‘ಫಾರ್ ಏಜಸ್’, ನಿಮ್ಮನ್ನು ನೋಡಿ ಯುಗಗಳೇ ಆದವು! ಒಂದು ಸಂಜೆ ಅವ್ವನಿಗೂ ಅದನ್ನೇ ಅಂದ.

“ಯುಗ ಆತಾ? ಹಂಗಾರ ಮುಂಜಾನಿ ನಾಕು ರೊಟ್ಟಿ ತಿಂದು ಹೋದಾಂವ ಯಾವನಲೇ?”

“ಯಕ್ಕಾ, ಸಾಹೇಬ್ರು ಹಂಗ ಅಂತಾರ.”

“ಸಾಹೇಬ ಅಂದ್ರ ಯುಗ ಗಿಡ್ಡ ಆಕೈತೇನು?”

ನಮ್ಮಲ್ಲಿ ಹೊತ್ತಿಗೊಂದು ಮರ್ಯಾದೆ ಇತ್ತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಎಂದರೆ ಅಷ್ಟೇ. ಇವನು ಸಿಂಧನೂರಿನ ಸಂತೆಗೆ ಬಂಡಿ ಹೂಡಿಸಿ, ‘ಜಸ್ಟ್ ಎ ಮಿನಿಟ್’ ಎಂದು ಮಾಯವಾದ. ಎತ್ತು ಬಿಚ್ಚಿದ್ದಾಯಿತು, ಅವು ಮೇವು ತಿಂದು ಮಲಗಿ ಮೆಲುಕು ಹಾಕಿದ್ದೂ ಆಯಿತು. ಮಹಾರಾಯ ಬಂದಾಗ ಸಂತೆಗೆ ಹೋದವರೆಲ್ಲ ತಿರುಗಿ ಬರುತ್ತಿದ್ದರು. “ಫಾರ್ ಏಜಸ್!” ಎಂದು ಅವರಿಗೆ ಕೈ ಬೇರೆ ಬೀಸಿದ!

ಹೋಗಲಿ, ಸಂತೆ ವಾರಕ್ಕೊಮ್ಮೆ ಬರುತ್ತದೆ. ನನ್ನ ಮದುವೆ? ಸೋದರಮಾವ ಕೈ ಹಿಡಿದು ಕರೆತರದೆ ಹುಡುಗಿ ಹಂದರಕ್ಕೆ ಬರುವಂತಿಲ್ಲ. ಅಪ್ಪನಿಲ್ಲದ ನನಗೆ ಅಪ್ಪನೂ ಇವನೇ. ಅಯ್ಯನವರು ನೀರಿನಲ್ಲಿ ಗಳಿಗೆ ಬಟ್ಟಲು ತೇಲಿಬಿಟ್ಟಿದ್ದರು; ತಳದ ತೂತಿನಿಂದ ನೀರು ತುಂಬಿ ಅದು ಮುಳುಗಿತೋ, ಮುಹೂರ್ತ. ಬಟ್ಟಲು ಮುಳುಗುತ್ತಿದೆ, ಮಾಮ ಇಲ್ಲ! ‘ಇನ್ ನೋ ಟೈಮ್’ ಎಂದು ಗಡ್ಡ ಮಾಡಿಸಲು ಹೋದನಂತೆ. ಸಿಂಧನೂರಿನ ಬೀಗರು ಎದ್ದೇಬಿಟ್ಟರು.

“ನಮ್ಮನ್ನ ಏನಂತ ತಿಳದೀರಿ? ಹುಡುಗನ್ನ ಕರಕೊಂಡು ಹೊಂಟ್ವಿ ನಾವು!”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಬಾಸಿಂಗ ಕಟ್ಟಿಕೊಂಡೇ ಹಲ್ಲು ಕಡಿದೆ. ಅಷ್ಟರಲ್ಲಿ ಓಡುತ್ತ ಬಂದ ನೋಡಿ! ಒಂದು ಗಲ್ಲ ನುಣ್ಣಗೆ, ಇನ್ನೊಂದರ ಮೇಲೆ ಸಾಬೂನಿನ ನೊರೆ.

“ಆ ಕ್ಷೌರದ ಈರಣ್ಣ ಅರ್ಧ ಬೋಳಿಸಿ, ನನಗೇ ‘ಜಸ್ಟ್ ಎ ಮಿನಿಟ್’ ಅಂದು ಎದ್ದು ಹೋಗ್ಯಾನ! ಮನ್ಷಾಗ ಹೊತ್ತಿನ ಖಬರ್ ಬ್ಯಾಡೇನ್ರಿ?”

ಬೀಗರಿಗೂ ನಗು ತಡೆಯಲಾಗಲಿಲ್ಲ, ಕುಳಿತರು. ಮಾಮ ನನ್ನ ಕೈ ಹಿಡಿದ, ಬಟ್ಟಲು ಮುಳುಗಿತು, ಅಕ್ಕಿಕಾಳು ಬಿದ್ದವು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಡೀ ದಿನ ಅವನ ಕೂಡ ಮಾತಾಡಲಿಲ್ಲ.

ಸಂಜೆ ನಮ್ಮ ಬಂಡಿ ಸಿಂಧನೂರಿಗೆ ಹೊರಟಿತು. ಅದೇ ಅರ್ಧ ಗಡ್ಡದಲ್ಲಿ ಮಾಮ ಬಂದು ನೊಗ ಹಿಡಿದ.

“ಜಸ್ಟ್ ಎ ಮಿನಿಟ್.”

“ಎತ್ತು ಬಿಚ್ಚರ್ಯೋ, ನಾಳಿ ಹೋಗೂಣು!” ಎಂದು ಬೀಗರೊಬ್ಬರು ಕೂಗಿದರು. ಮಂದಿ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ನೊಗ ಬಿಟ್ಟು ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟ. ಹಿಂದೆ ಸರಿದ.

ಇಂಗ್ಲಿಷ್ ಕಲಿತಾಗಿನಿಂದ ಒಂದು ಮಿನಿಟನ್ನು ಹೊತ್ತು ಮುಳುಗುವವರೆಗೆ ಎಳೆದವನು, ಅವತ್ತು ಮಾತ್ರ ಒಂದೇ ಮಿನಿಟಿಗೆ ಮುಗಿಸಿಬಿಟ್ಟ! ಅವನ ಉಳಿದ ತಪ್ಪನ್ನೆಲ್ಲ ಮಾಫ್ ಮಾಡಿದ್ದೇನೆ. ಇದೊಂದನ್ನು ಇವತ್ತಿಗೂ ಮಾಡಿಲ್ಲ.