ಗದ್ದಲ ಅಡಗಿಸುವ ವಿದ್ಯೆ

ಶಾಲೆಯಲ್ಲಿ ನಗು ಬರುವಂಥದ್ದು ನಡೆಯದ ದಿನ ಅಂತ ಒಂದಿದ್ದರೆ ಅದು ಭಾನುವಾರ. ಕಷ್ಟ ಏನೆಂದರೆ, ನಡೆದ ಹೊತ್ತಿಗೆ ಟೀಚರು ನಗುವ ಹಾಗಿಲ್ಲ. ನಕ್ಕರೆ ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ಹಾಗಾಗಿ ಆಗ ತಡೆದುಕೊಂಡಿದ್ದನ್ನೆಲ್ಲ ಈಗ ಆರಾಮಾಗಿ ಕೂತು ನಗುತ್ತಿದ್ದೇನೆ.

ಇದು ಎಪ್ಪತ್ತರ ದಶಕದ ಮಾತು. ಚಿತ್ರದುರ್ಗದ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರಿನಿಂದಲೂ ಆಚೆಗಿದ್ದ ಒಂದು ಹಳ್ಳಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಊರಿನ ತುಂಬ ಕುರಿ ಸಾಕುವವರು, ರಾಗಿ ಬೆಳೆಯುವವರು. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಎರಡೂ ಒಂದೇ ಕೋಣೆಯಲ್ಲಿ, ಎರಡಕ್ಕೂ ನಾನೊಬ್ಬಳೇ. ಪಾಠ ಮಾಡುವುದು ಹೇಗೆ ಅಂತ ಟ್ರೈನಿಂಗಿನಲ್ಲಿ ಕಲಿಸಿದ್ದರು. ಮಕ್ಕಳು ಕೇಳುವ ಹಾಗೆ ಮಾಡುವುದು ಹೇಗೆ ಅಂತ ಯಾರೂ ಹೇಳಿರಲಿಲ್ಲ. ನನ್ನ ಕೋಣೆಯ ಗದ್ದಲದ ಮುಂದೆ ಹೊಸದುರ್ಗದ ಸಂತೆ ಏನೂ ಅಲ್ಲ.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇನ್‌ಸ್ಪೆಕ್ಟರು ಬಂದು ನೋಡಿ, ಕ್ಲಾಸು ಹಿಡಿತದಲ್ಲಿದೆ ಅಂದರೆ ಖಾಯಂ. ಇಲ್ಲವೆಂದರೆ ಗಂಟುಮೂಟೆ ಕಟ್ಟಿ ಮನೆಗೆ. ಮನೆಯಲ್ಲಿ ನಮ್ಮಪ್ಪ ಕರಾರು ಹಾಕಿಬಿಟ್ಟಿದ್ದರು: "ಖಾಯಂ ಆದ್ರೆ ಮಾಡ್ಕೋ. ಆಗ್ಲಿಲ್ಲ ಅಂದ್ರೆ ಹಿರಿಯೂರಿನ ಗಂಡಿಗೆ ಹೂಂ ಅನ್ಬೇಕು." ಆ ಗಂಡಿನ ಮೇಲೆ ನನಗೆ ಕೋಪವೇನಿರಲಿಲ್ಲ, ಅವನನ್ನು ನೋಡಿಯೂ ಇರಲಿಲ್ಲ. ನನಗೆ ಕೆಲಸ ಬೇಕಾಗಿತ್ತು, ತುಂಬ ಬೇಕಾಗಿತ್ತು.

ಅದರ ಜೊತೆಗೆ ಒಂದು ಕುತೂಹಲ. ಹಳೆಯ ಮೇಷ್ಟ್ರುಗಳು ಬಾಗಿಲಿಗೆ ಬಂದು ನಿಂತರೆ ಸಾಕು, ಅದೇ ಮಕ್ಕಳು ಗಪ್‌ಚಿಪ್. ಬೆತ್ತ ಇಲ್ಲ, ಬೈಗುಳ ಇಲ್ಲ. ಇವರ ಹತ್ತಿರ ಇರುವುದಾದರೂ ಏನು? ಕಂಡ ಕಂಡವರನ್ನೆಲ್ಲ ಕೇಳುತ್ತಾ ಹೊರಟೆ.

ಪಿಸುಮಾತು

ಹೊಳಲ್ಕೆರೆಯಲ್ಲಿ ನಮ್ಮ ದೊಡ್ಡಮ್ಮ ಟೀಚರಾಗಿದ್ದರು. ತಲೆ ನರೆಯುವ ತನಕ ಸೀಮೆಸುಣ್ಣ ಹಿಡಿದವರು. ಒಂದು ಭಾನುವಾರ ಹೋಗಿ ನನ್ನ ಗೋಳು ಹೇಳಿಕೊಂಡೆ.

"ಅವು ಕೂಗಿದಂಗೆಲ್ಲ ನೀನೂ ಕೂಗ್ತೀಯಾ?" ಅಂದರು.

"ಹೂಂ ದೊಡ್ಡಮ್ಮ."

"ಅದಕ್ಕೇ ಹಂಗಾಗೈತೆ. ಅವು ಜೋರು ಮಾಡಿದಾಗ ನೀನು ದನಿ ಇಳಿಸ್ಬೇಕು. ಇವಳು ಏನ್ ಹೇಳ್ತಾಳೆ ನೋಡಾಣ ಅಂತ ಅವೇ ಸುಮ್ಕಾಗ್ತವೆ."

ಸೋಮವಾರ ಪಿಸುದನಿಯಲ್ಲಿ ಪಾಠ ಶುರುಮಾಡಿದೆ. ಏನು ಹೇಳಲಿ, ಕೋಣೆ ಸದ್ದಡಗಿತು. ಮಕ್ಕಳು ಕತ್ತು ಮುಂದೆ ಚಾಚಿಕೊಂಡು ಕೂತವು. ದೊಡ್ಡಮ್ಮನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಸಂಜೆ ಮನೆಗೆ ಹೋಗುವಾಗ ಮಕ್ಕಳು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಳ್ಳುತ್ತಿದ್ದುದನ್ನು ನೋಡಿ, ನನ್ನ ಪಾಠವನ್ನೇ ಮೆಲುಕು ಹಾಕುತ್ತಿವೆ ಅಂದುಕೊಂಡೆ.

ಮಾರನೇ ದಿನ ಮೇಜಿನ ಮೇಲೆ ತುಳಸಿ, ಹಸಿಶುಂಠಿ, ಮೆಣಸು, ಬೆಲ್ಲದ ಚೂರು ರಾಶಿ ಬಿದ್ದವು. ಟೀಚರಮ್ಮನ ಗಂಟಲು ಹೋಗಿದೆ ಅಂತ ಊರಿಗೆಲ್ಲ ಸುದ್ದಿ. ಒಬ್ಬ ಹುಡುಗನ ತಾಯಿಯಂತೂ ಲೋಟದ ತುಂಬ ಕಷಾಯ ಹಿಡಿದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕ್ಲಾಸಿಗೇ ಬಂದಳು.

"ಕುಂತ್ಕಳ್ರಿ ಟೀಚರಮ್ಮ. ಬಾಯಿ ಬಿಡಬ್ಯಾಡ್ರಿ."

"ನನಗೇನೂ ಆಗಿಲ್ಲಮ್ಮ" ಅಂತ ಗಟ್ಟಿಯಾಗಿಯೇ ಹೇಳಿದೆ.

"ಮೊದ್ಲು ಎಲ್ರಿಗೂ ಹಂಗೇ ಅನ್ನಿಸ್ತೈತೆ" ಅಂದವಳೇ ಆ ಬಿಸಿಲಲ್ಲಿ ನನ್ನ ಕತ್ತಿಗೆ ಕಂಬಳಿ ಸುತ್ತಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಕೆ ಹಿಂದಕ್ಕೆ ತಿರುಗಿ "ಲೇ" ಅಂದಳು, ಅಷ್ಟೇ. ಕೋಣೆ ತಣ್ಣಗಾಯಿತು.

ಇದು ಹೇಗೆ ಅಂತ ನನಗೆ ತಡೆಯಲಾರದ ಕುತೂಹಲ. "ಏನಮ್ಮ ಮಾಡಿದಿರಿ?" ಅಂತ ಕೇಳಿದೆ. "ನಾನೇನ್ ಮಾಡ್ದೆ? ಲೇ ಅಂದೆ, ಅಷ್ಟೇಯ" ಅಂದು ಲೋಟ ತೆಗೆದುಕೊಂಡು ಹೋದಳು.

ಆಕೆ ಮರೆಯಾದ ಮೇಲೆ ನಾನೂ ಗಂಟಲು ಸರಿಮಾಡಿಕೊಂಡು "ಲೇ" ಅಂದೆ. ಮಕ್ಕಳೆಲ್ಲ ಒಟ್ಟಿಗೆ, ಬಲು ಪ್ರೀತಿಯಿಂದ "ಏನ್ ಮಿಸ್?" ಅಂದವು.

ಕುರಿಗೂ ಮುಖ ಉಂಟು

ಐಮಂಗಲದ ಒಂದು ಸ್ಕೂಲಿನಲ್ಲಿ ಟೀಚರುಗಳ ಸಭೆ ಇತ್ತು. ಆ ಸ್ಕೂಲಿನ ಹಿರಿಯ ಮೇಷ್ಟ್ರು ಚಿತ್ರದುರ್ಗದ ಹಳೆಯ ಮುಸ್ಲಿಂ ಮನೆತನದವರು. ಎಲ್ಲರೂ ಅವರನ್ನು ಸಾಹೇಬ್ ಮೇಷ್ಟ್ರು ಅನ್ನುತ್ತಿದ್ದರು. ಸಭೆಗೆ ಇನ್ನೂ ಹೊತ್ತಿದ್ದುದರಿಂದ ಅವರ ಕ್ಲಾಸಿನಲ್ಲಿ ಹೋಗಿ ಕೂತೆ. ಕಿಟಕಿಯ ಆಚೆಗೇ ಹೆದ್ದಾರಿ. ಪುಣೆ ಕಡೆಯ ಲಾರಿಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಲೇ ಇವೆ, ಇವರು ಬೇಲದ ಹಣ್ಣಿನ ಪಾನಕ ಕುಡಿದವರ ಹಾಗೆ ತಂಪಾಗಿ ಲೆಕ್ಕ ಹೇಳಿಕೊಡುತ್ತಿದ್ದಾರೆ.

"ಹೇಗೆ ಸಾರ್ ಇದು?" ಅಂದೆ.

"ನೋಡು ಬೇಟಿ, ಗಲಾಟೆ ಜೊತೆ ಕುಸ್ತಿಗೆ ಇಳೀಬಾರ್ದು. ಅದನ್ನೇ ಕೆಲಸಕ್ಕೆ ಇಟ್ಕೋಬೇಕು" ಅಂದವರು ಮಕ್ಕಳ ಕಡೆ ತಿರುಗಿದರು. "ಈಗ ಹೋಯ್ತಲ್ಲ ಲಾರಿ, ಅದರಲ್ಲಿ ನೂರು ಮೂಟೆ ಈರುಳ್ಳಿ. ಹಿರಿಯೂರಲ್ಲಿ ಇಪ್ಪತ್ತು ಇಳಿಸಿದ್ರು. ಉಳಿದದ್ದೆಷ್ಟು?"

ಲಾರಿ ಕ್ಲೀನರನ ಮಗನೊಬ್ಬ ಎದ್ದು, "ಎಪ್ಪತ್ತೊಂಬತ್ತು ಸಾ" ಅಂದ.

"ಎಂಬತ್ತು ಅಲ್ವೇನೋ?"

"ಒಂದು ಡ್ರೈವರ್ ಮನೀಗೆ ಸಾ."

ಸಾಹೇಬ್ ಮೇಷ್ಟ್ರು ನನ್ನ ಕಡೆ ನೋಡಿ, "ಪರೀಕ್ಷೇಲಿ ಎಂಬತ್ತು ಬರಿ, ರಸ್ತೇಲಿ ಎಪ್ಪತ್ತೊಂಬತ್ತು ಇಟ್ಕೋ ಅಂತ ಹೇಳ್ಕೊಡ್ತೀನಿ" ಅಂದರು.

ನನ್ನ ಹಳ್ಳಿಯಲ್ಲಿ ಲಾರಿ ಎಲ್ಲಿಂದ ಬರಬೇಕು? ಆದರೆ ದಿನಾ ಬೆಳಿಗ್ಗೆ ಸ್ಕೂಲಿನ ಮುಂದೆಯೇ ಒಂದು ಕುರಿ ಹಿಂಡು ಹೋಗುತ್ತಿತ್ತು. ಅದು ಬಂತೆಂದರೆ ಇಡೀ ಕ್ಲಾಸು ಕಿಟಕಿಗೆ. ಮಾರನೇ ದಿನ ನಾನೇ ಕರೆದೆ: "ಬನ್ನಿ ಎಲ್ಲರೂ. ಕರಿ ಕುರಿ ಎಷ್ಟು, ಬಿಳಿ ಕುರಿ ಎಷ್ಟು, ಕೂಡಿಸಿ ಹೇಳಿ." ಮಕ್ಕಳು ಬೆರಳು ಮಡಿಸುತ್ತಾ ಸದ್ದಿಲ್ಲದೆ ಎಣಿಸತೊಡಗಿದವು. ನಾನು ಉಬ್ಬಿಹೋದೆ.

ಆಗ ಒಬ್ಬ ಹುಡುಗ, "ಮಿಸ್, ಆ ಕಡೇದು ನಮ್ದು" ಅಂದ.

"ಹೂಂ ಕಣ್ರಿ ಮಿಸ್, ಅದು ಇವ್ರದೇಯ, ಕಳದೋಗಿತ್ತು" ಅಂತ ಇನ್ನೊಬ್ಬ. ಮುಗಿಯಿತು. ಕ್ಲಾಸಿಗೆ ಕ್ಲಾಸೇ ಕುರಿಯ ಹಿಂದೆ ಓಡಿತು.

ಮಧ್ಯಾಹ್ನದ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಪಂಚಾಯ್ತಿ. ಕುರಿ ಯಾವಾಗಲೋ ಈ ಹಿಂಡಿನಲ್ಲಿ ಸೇರಿಕೊಂಡಿತ್ತು. ಕಣ್ಣಾರೆ ನೋಡಿದವಳು ಅಂತ ನನ್ನನ್ನೂ ಸಾಕ್ಷಿಗೆ ಕರೆಸಿದರು.

"ಟೀಚರಮ್ಮ, ಯಾವ ಕುರಿ ನೋಡಿದ್ರಿ, ಹೇಳ್ರಿ" ಅಂದರು ಊರ ಹಿರಿಯರು.

"ಒಂದು ಕರಿ ಕುರಿ" ಅಂದೆ.

ಕಟ್ಟೆಯ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. "ಕರಿ ಕುರಿ ಅಂದ್ರೆ ಹೆಂಗ್ರಿ? ಅದಕ್ಕೊಂದು ಮುಖ ಇರಲ್ವಾ?" ಅಂದರು ಹಿರಿಯರು. ನನ್ನ ಸಾಕ್ಷಿಯನ್ನು ಅಲ್ಲಿಗೇ ಬಿಟ್ಟು ಮಕ್ಕಳನ್ನು ಕೇಳಿದರು. ಮಕ್ಕಳು ಆ ಕುರಿಯ ಅಜ್ಜಿಯ ತನಕ ಹೇಳಿದವು. ಕುರಿ ಅದರ ಮನೆಗೆ ಹೋಯಿತು. ಹಿಂಡಿನವನು ಮಾತ್ರ ಎದ್ದು ತನ್ನ ತಮ್ಮನಿಗೆ, "ಈ ಇಸ್ಕೂಲ್ ಮುಂದೆ ಹೋಗಾದೇ ಬ್ಯಾಡ, ನಾಳಿಂದ ಕೆರೆ ಸುತ್ತಾಕ್ಕಂಡು ಹೋಗಾಣ" ಅಂದ.

ಅಂದಿನಿಂದ ಕುರಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನೋಡಲು ಮಕ್ಕಳು ದಿನವಿಡೀ ಕಿಟಕಿಯಲ್ಲೇ ನಿಂತವು.

ಮುಂದಾಳು

ಕೊನೆಗೆ ನಮ್ಮ ಹೆಡ್‌ಮೇಷ್ಟ್ರನ್ನೇ ಕೇಳಿದೆ. ರಿಟೈರಾಗುವ ವಯಸ್ಸು, ಮಾತು ಕಡಿಮೆ.

"ಎಲ್ರನ್ನೂ ಹಿಡಿಯೋಕೆ ಹೋಗಬೇಡಮ್ಮ. ಹಿಂಡಿಗೆ ಒಂದು ಮುಂದಾಳು ಇರ್ತೈತೆ. ಅದನ್ನ ಹಿಡಿ, ಉಳಿದವು ತಾವೇ ಬರ್ತವೆ" ಅಂದರು.

ಎಲ್ಲರಿಗಿಂತ ಜೋರು ಬಾಯಿಯ ಹುಡುಗನನ್ನು ಆರಿಸಿ ಮಾನಿಟರ್ ಮಾಡಿದೆ. ಅವನು "ಸೈಲೆನ್ಸ್" ಅಂತ ಕೂಗಿದ ಕೂಗಿಗೆ ಪಕ್ಕದ ಕೋಣೆಯ ಒಂದನೇ ಕ್ಲಾಸಿನ ಕೂಸು ಅತ್ತಿತು. ನಮ್ಮ ಕ್ಲಾಸು ಮಾತ್ರ ಹಾಗೆಯೇ ಇತ್ತು. ಆಗ ನನ್ನ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಅವನು ಕೂಗಿದಾಗಲೆಲ್ಲ ಮಕ್ಕಳು ಅವನನ್ನು ನೋಡುತ್ತಿರಲಿಲ್ಲ, ಹಿಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿಯನ್ನು ನೋಡುತ್ತಿದ್ದವು. ಎರಡು ಜಡೆ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವಷ್ಟು ಮೌನಿ. ಆಕೆ ತುಟಿ ಓರೆ ಮಾಡಿದರೆ ಮಕ್ಕಳೆಲ್ಲ ನಗುತ್ತಿದ್ದವು. ಹುಬ್ಬು ಗಂಟಿಕ್ಕಿದರೆ ಎಲ್ಲವೂ ಬಂದ್.

ಸ್ಕೂಲು ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. "ಇನ್‌ಸ್ಪೆಕ್ಟರು ಬಂದ ದಿನ ಎಲ್ಲರೂ ಸುಮ್ಮನಿರೋ ಹಾಗೆ ನೋಡ್ಕೋತೀಯಾ?"

"ಯಾಕೆ ಮಿಸ್?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಗಲಾಟೆ ಆದರೆ ನನ್ನ ಕೆಲಸ ಹೋಗುತ್ತೆ. ಹಿರಿಯೂರಿನ ಗಂಡಿಗೆ ಮದುವೆ ಮಾಡಿ ಕಳಿಸ್ತಾರೆ."

ಹುಡುಗಿ ಜಡೆ ತುದಿ ಕಚ್ಚಿಕೊಂಡು ಯೋಚಿಸಿದಳು. "ಗಂಡು ಹೆಂಗವ್ನೆ ಮಿಸ್?"

"ನಾನು ನೋಡಿಲ್ಲ ಕಣೆ."

"ನೋಡ್ಕಂಡು ಬಂದು ಹೇಳ್ರಿ ಮಿಸ್, ಸುಮ್ಕಿರ್ಬೇಕಾ ಗಲಾಟೆ ಮಾಡ್ಬೇಕಾ ಅಂತ."

ಇನ್‌ಸ್ಪೆಕ್ಟರು ಬಂದರು

ನಾನು ಗಂಡು ನೋಡಲು ಹೋಗಲಿಲ್ಲ. ಸುಮ್ಮನಿರುವುದೇ ಮೇಲು ಅಂತ ಹುಡುಗಿಗೆ ಹೇಳಿದೆ. ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಕೋಟು, ಕನ್ನಡಕ, ನಗು ಅಂದರೆ ಏನು ಅಂತ ಕೇಳುವ ಮುಖ. ಮಕ್ಕಳು ಎದ್ದು ನಮಸ್ಕಾರ ಹೇಳಿ ಕೂತವು. ಗದ್ದಲವಿಲ್ಲ. ನನ್ನ ಜೀವ ಅರ್ಧ ಬಂದ ಹಾಗಾಯಿತು.

ಇನ್‌ಸ್ಪೆಕ್ಟರು ಬೋರ್ಡನ್ನು ನೋಡಲು ಹತ್ತಿರ ಹೋದರು. ಸೀಮೆಸುಣ್ಣದ ಪುಡಿ ಮೂಗಿಗೆ ಹೋಗಿ ಒಂದು ಸೀನು ಸೀನಿದರು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಮಕ್ಕಳ ಕಡೆ ತಿರುಗಿ, "ನಮ್ಮ ತಾಲ್ಲೂಕು ಯಾವುದು?" ಅಂದರು.

ಯಾರೂ ಬಾಯಿ ಬಿಡಲಿಲ್ಲ.

"ಮಾರಿಕಣಿವೆ ಡ್ಯಾಮಿಗೆ ನೀರು ಯಾವ ಹೊಳೆಯಿಂದ ಬರುತ್ತೆ?"

ಅದಕ್ಕೂ ಇಲ್ಲ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ಉತ್ತರಗಳು.

"ನಿಮ್ಮ ಟೀಚರು ಪಾಠ ಮಾಡ್ತಾರೋ ಇಲ್ವೋ?"

ವರ್ಷವಿಡೀ ನಾನು ಯಾವ ಮೌನಕ್ಕೆ ಹಂಬಲಿಸಿದ್ದೆನೋ ಅದು ಬಂದು ನನ್ನ ಕುತ್ತಿಗೆಯ ಮೇಲೇ ಕೂತಿತ್ತು. ಇನ್‌ಸ್ಪೆಕ್ಟರು ಹೆಡ್‌ಮೇಷ್ಟ್ರ ಕಡೆ ನೋಡಿದರು. ಹೆಡ್‌ಮೇಷ್ಟ್ರು ಸೂರು ನೋಡಿದರು.

ಕೊನೆಗೆ ಹಿಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದಳು. "ಸಾ, ಇನ್ನೊಂದು ಸೀನ್ರಿ."

"ಏನಂದೆ?"

"ಒಂಟಿ ಸೀನು ಬಿದ್ದೈತೆ ಸಾ. ಈಗ ಬಾಯಿ ಬಿಟ್ರೆ ನಮ್ ಮಿಸ್ ಕೆಲ್ಸ ಕೆಟ್ಟೋಗ್ತೈತೆ. ಅದ್ಕೇ ಸುಮ್ಕಿದೀವಿ."

ಆ ಊರಿನಲ್ಲಿ ಒಂಟಿ ಸೀನು ಬಿದ್ದರೆ ಹಟ್ಟಿಯಿಂದ ಕುರಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಜೋಡಿ ಸೀನು ಆಗಬೇಕು, ಆಮೇಲೆ ಮುಂದಿನ ಕೆಲಸ.

"ಬೇಕು ಅಂದಾಗ ಸೀನೋಕೆ ಆಗುತ್ತೇನಮ್ಮ?" ಅಂದರು ಇನ್‌ಸ್ಪೆಕ್ಟರು. ಅಷ್ಟರಲ್ಲಿ ಹೆಡ್‌ಮೇಷ್ಟ್ರು ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಮುಂದೆ ಹಿಡಿದಿದ್ದರು. ಇನ್‌ಸ್ಪೆಕ್ಟರಿಗೂ ನೋಡಿಯೇ ಬಿಡೋಣ ಅನ್ನಿಸಿರಬೇಕು, ಒಂದು ಚಿಟಿಕೆ ಏರಿಸಿದರು. ಸೀನು ಬಂತು. ಮಕ್ಕಳು ಉತ್ತರ ಹೇಳಲು ಬಾಯಿ ತೆರೆದವು. ಆದರೆ ನಶ್ಯ ಅಷ್ಟಕ್ಕೇ ಬಿಡುತ್ತದೆಯೇ? ಇನ್ನೊಂದು ಸೀನು ಬಂತು.

"ಮೂರಾತು" ಅಂದಳು ಹುಡುಗಿ. ತೆರೆದ ಬಾಯಿಗಳೆಲ್ಲ ಮುಚ್ಚಿಕೊಂಡವು.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು, ಕಿಟಕಿಯ ಬಿಸಿಲಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕಾದರು. ನಾನೂ ಕಾದೆ. ಯಾರ ಸೀನಿಗೂ ನಾನು ಅಷ್ಟು ಹರಕೆ ಹೊತ್ತಿಲ್ಲ. ನಾಲ್ಕನೆಯದು ಬಂದದ್ದೇ ತಡ, "ಹೊಸದುರ್ಗ ಸಾ", "ವೇದಾವತಿ ಸಾ", "ಮಾಡ್ತಾರೆ ಸಾ" ಅಂತ ಕಟ್ಟೆ ಒಡೆದ ಹಾಗೆ ಉತ್ತರಗಳು ಬಂದವು. ಅವರು ಕೇಳದ ಮಗ್ಗಿಯನ್ನೂ ಹೇಳಿಬಿಟ್ಟವು.

ಇನ್‌ಸ್ಪೆಕ್ಟರಿಗೆ ಖುಷಿಯಾಯಿತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ನಿಂತ ನಿಲುವಿನಲ್ಲೇ ಮೂಢನಂಬಿಕೆಯ ಮೇಲೆ ಉದ್ದದ ಭಾಷಣ ಮಾಡಿದರು. ಮನುಷ್ಯ ಚಂದ್ರನ ಮೇಲೆ ನಡೆದಿದ್ದಾನೆ, ನೀವಿನ್ನೂ ಸೀನು ಎಣಿಸುತ್ತಾ ಕೂತಿದ್ದೀರಿ ಅಂದರು. ಮಕ್ಕಳು ಕೇಳಿದವು. ನಾವೂ ತಲೆ ತಗ್ಗಿಸಿ ಕೇಳಿದೆವು. ನನ್ನ ವಿಷಯ ಮಾತ್ರ ಏನೂ ಹೇಳಲಿಲ್ಲ.

ಜೀಪಿನ ತನಕ ಎಲ್ಲರೂ ಬೀಳ್ಕೊಡಲು ಹೋದೆವು. ಅವರು ಒಂದು ಕಾಲು ಜೀಪಿನೊಳಗಿಟ್ಟು ನನ್ನ ಕಡೆ ತಿರುಗಿ, "ನಿಮ್ಮ ಕೆಲಸದ ವಿಷಯ, ಟೀಚರ್" ಅಂತ ಶುರುಮಾಡಿದರು. ಆಗ ಹೆಡ್‌ಮೇಷ್ಟ್ರು ಸೀನಿದರು. ವರ್ಷಗಟ್ಟಲೆ ನಶ್ಯ ಏರಿಸಿ ಏರಿಸಿ ಸೀನುವುದನ್ನೇ ಮರೆತಿದ್ದ ಮೂಗು ಅದು. ಅವತ್ತು ಸೀನಿತು. ಒಂದೇ ಒಂದು.

ಇನ್‌ಸ್ಪೆಕ್ಟರ ಮಾತು ಅರ್ಧಕ್ಕೆ ನಿಂತಿತು. ಜೀಪಿನೊಳಗಿದ್ದ ಕಾಲು ಮೆಲ್ಲಗೆ ಕೆಳಗೆ ಬಂತು. ಮಕ್ಕಳೆಲ್ಲ ಅವರ ಮುಖವನ್ನೇ ನೋಡುತ್ತಿದ್ದವು. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೊನೆಗೆ ಹೆಡ್‌ಮೇಷ್ಟ್ರ ಮುಂದೆ ಕೈ ಚಾಚಿ, "ಆ ಡಬ್ಬಿ ಕೊಡ್ರಿ ಇಲ್ಲಿ" ಅಂದರು. ಚಿಟಿಕೆ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಹುಡುಗಿಯನ್ನು ಕೇಳಿದರು: "ಒಂದು ಅವರದು, ಒಂದು ನಂದು ಆದರೆ ನಡೆಯುತ್ತೇನಮ್ಮ?"

"ನಡೀತೈತೆ ಸಾ. ಯಾರ್ದಾದ್ರೂ ಜೋಡಿ ಆಗ್ಬೇಕು ಅಷ್ಟೇಯ."

ಇನ್‌ಸ್ಪೆಕ್ಟರು ಸೀನಿದರು. ಸೀನಿದವರೇ "ಖಾಯಂ" ಅಂದು, ಮುಂದಿನದು ಬೀಳುವ ಮೊದಲು ಮೂಗು ಹಿಡಿದುಕೊಂಡು ಜೀಪು ಹತ್ತಿಬಿಟ್ಟರು.