ಪಿಸುಮಾತು ಬಾರದ ಕಳ್ಳ

ನಮ್ಮ ಭಾವನಷ್ಟು ದಡ್ಡ ಕಳ್ಳ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಅಕ್ಕನ ಗಂಡನ ಬಗ್ಗೆ ಹೀಗೆ ಬರೆಯಬಹುದೇ ಎಂದು ಕೇಳಬೇಡಿ. ಅವರ ಜೊತೆ ಕಳ್ಳತನಕ್ಕೆ ಹೋದವನು ನಾನು. ಅನುಭವಿಸಿದವನು ಬರೆಯದೆ ಇನ್ಯಾರು ಬರೆಯಬೇಕು?

ಗಾಬರಿ ಬೇಡ. ಕಳ್ಳತನ ನಡೆಯುತ್ತಿದ್ದದ್ದು ಕಂಪ್ಯೂಟರಿನೊಳಗೆ. ಅದೊಂದು ವಿಡಿಯೋ ಗೇಮ್. ನಾಲ್ಕು ಜನ ಸೇರಿ ಶ್ರೀಮಂತನೊಬ್ಬನ ಬಂಗಲೆಗೆ ನುಗ್ಗಿ, ತಿಜೋರಿಯಲ್ಲಿರುವ ವಜ್ರ ಎತ್ತಿಕೊಂಡು, ಕಾವಲುಗಾರರ ಕಣ್ಣಿಗೆ ಬೀಳದೆ ವ್ಯಾನು ಹತ್ತಿ ಪಾರಾಗಬೇಕು. ಬಸವಕಲ್ಯಾಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಾನು, ಹಿಟ್ಟಿನ ಗಿರಣಿಯ ಶಿವರಾಜ, ಟೇಲರ್ ಇಮ್ರಾನ್, ಮೂವರೂ ನಮ್ಮ ನಮ್ಮ ಮನೆಯಲ್ಲೇ ಕೂತು ಸಂಜೆ ಆಡುತ್ತಿದ್ದೆವು. ಕಿವಿಗೆ ಹೆಡ್‌ಫೋನ್, ಬಾಯಿಯ ಹತ್ತಿರ ಮೈಕು. ನಾಲ್ಕನೆಯವರು ಹುಮನಾಬಾದಿನಲ್ಲಿದ್ದ ಭಾವ.

ಅವರನ್ನು ಸೇರಿಸಿಕೊಂಡದ್ದು ಪ್ರೀತಿಯಿಂದಲ್ಲ, ಅಕ್ಕನ ಹುಕುಂ. ಭಾವ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮರುವರ್ಷವೇ ಎದೆ ಕೈಕೊಟ್ಟಿತು. ತಿರುಗಾಟ ಬಿಟ್ಟು ಮನೆಯಲ್ಲಿ ಕೂತರೆ ಗುಂಡಿಗೆ ನಡೆಯುತ್ತದೆ, ಇಲ್ಲದಿದ್ದರೆ ಹೇಳಲಾಗದು ಎಂದರು ಡಾಕ್ಟರು. ಇವರು ಆಗಲಿ ಎಂದು ತಲೆಯಾಡಿಸಿ ಬಂದರು. ಮರುದಿನ ನೋಡಿದರೆ ಬಸ್ ನಿಲ್ದಾಣದಲ್ಲಿ ನಿಂತು, "ಘಾಟಬೋರಾಳ, ಘಾಟಬೋರಾಳ" ಎಂದು ಕೂಗುತ್ತ ತಮ್ಮದಲ್ಲದ ಬಸ್ಸಿಗೆ ಜನರನ್ನು ಹತ್ತಿಸುತ್ತಿದ್ದರು.

ಅಕ್ಕ ಫೋನಿನಲ್ಲಿ ಅತ್ತಳು. "ತಮ್ಮಾ, ಏನರೆ ಮಾಡು. ಅವರನ್ನ ಒಂದು ಕುರ್ಚಿ ಮ್ಯಾಲ ಕೂಡ್ಸು. ಮನ್ಯಾಗ ಉಳದ್ರ ನನಗ ಉಳೀತಾರ."

ನಾನು ನನ್ನ ಹಳೆಯ ಕಂಪ್ಯೂಟರ್ ಹೊತ್ತು ಹುಮನಾಬಾದಿಗೆ ಹೋದೆ.

ಈ ಗೇಮಿನಲ್ಲಿ ಒಂದು ಫಜೀತಿ ಇದೆ. ಮೈಕಿನಲ್ಲಿ ನಾವಾಡುವ ಮಾತು ಗೆಳೆಯರಿಗಷ್ಟೇ ಅಲ್ಲ, ಆಟದೊಳಗಿನ ಕಾವಲುಗಾರರಿಗೂ ಕೇಳಿಸುತ್ತದೆ. ಆದ್ದರಿಂದ ಪಿಸುಗುಟ್ಟಬೇಕು. ಜೀವಮಾನವಿಡೀ ಡೀಸೆಲ್ ಇಂಜಿನ್ನಿನ ಗದ್ದಲ ಮೀರಿಸಿ ಮಾತಾಡಿದ ಮನುಷ್ಯನಿಗೆ ಪಿಸುಗುಟ್ಟಲು ಹೇಳಿ ನೋಡಿ! ಭಾವನ ಪಿಸುಮಾತು ಹುಲಸೂರಿನವರೆಗೆ ಕೇಳುತ್ತಿತ್ತು. ಬಂಗಲೆಯ ಕಾವಲುಗಾರನಿಗೆ ಕೇಳದೆ ಇದ್ದೀತೇ?

ಮೊದಲ ದಿನ ಹಿತ್ತಲ ಬಾಗಿಲಿನಿಂದ ನುಗ್ಗಿದೆವು. ಎದುರಿಗೆ ಕಾವಲುಗಾರ ಬಂದ. ನಾವು ಮೂವರು ಕಂಬದ ಮರೆಗೆ ಸರಿದೆವು. ಭಾವ ಅಲ್ಲೇ ನಿಂತು, "ಏನ್ ಸಾಹೇಬ್ರ, ಊಟ ಆತೇನ್ರಿ?" ಎಂದರು. ನಾಲ್ವರೂ ಜೈಲಿಗೆ ಹೋದೆವು.

"ಭಾವಾ, ಅವನ ಜೋಡಿ ಯಾಕ ಮಾತಾಡಿದ್ರಿ?" ಎಂದೆ.

"ಎದುರಿಗಿ ಬಂದವನನ್ನ ಮಾತಾಡಸಬ್ಯಾಡ ಅಂದ್ರ ಹ್ಯಾಂಗ? ನಾಳಿ ಮಾರಿ ತೋರಸಬೇಕಿಲ್ಲೇನು?"

"ಚಾಚಾ, ಕಳ್ಳರು ಮಾರಿ ತೋರಸಂಗಿಲ್ರಿ," ಎಂದ ಇಮ್ರಾನ್.

"ಅದಕ್ಕ ಅವರು ಕಳ್ಳರಾಗ್ಯಾರ."

ಇಂಥ ನೀತಿವಂತನನ್ನು ಕಟ್ಟಿಕೊಂಡು ಯಾರಾದರೂ ವಜ್ರ ಕದಿಯಬಲ್ಲರೇ? ಇನ್ನೊಮ್ಮೆ ಕಾವಲುಗಾರನೊಬ್ಬನನ್ನು ಬಚ್ಚಲಿನಲ್ಲಿ ಕೂಡಿ ಹಾಕಿ ತಿಜೋರಿಯ ತನಕ ಬಂದಿದ್ದೆವು. ಭಾವ ಥಟ್ಟನೆ ಹಿಂದೆ ಹೊರಟರು. ಯಾಕೆಂದರೆ, "ಒಳಗ ಗಾಳಿ ಆಡ್ತೈತೋ ಇಲ್ಲೋ, ನೋಡಿ ಬರ್ತೀನಿ." ನೋಡಲು ಬಾಗಿಲು ತೆರೆದರು. ಗಾಳಿ ಚೆನ್ನಾಗಿ ಆಡುತ್ತಿತ್ತು, ಕಾವಲುಗಾರನೂ ಚೆನ್ನಾಗಿದ್ದ. ನಾವು ಮತ್ತೆ ಜೈಲಿಗೆ ಹೋದೆವು.

ಅಕ್ಕನೇನು ಕಡಿಮೆಯೇ? ಒಂದು ಸಂಜೆ ವಜ್ರಕ್ಕೆ ಕೈ ಹಾಕುವ ಹೊತ್ತಿಗೆ ಭಾವನ ಮೈಕಿನಿಂದ ಅವಳ ದನಿ ತೂರಿ ಬಂತು. "ಗುಳಗಿ ತಗೊಂಡ್ರೇನ್ರಿ?" ಇಬ್ಬರು ಕಾವಲುಗಾರರು ಓಡಿ ಬಂದರು. "ತಗೋತೀನಿ ಬಿಡ" ಎಂದು ಭಾವ ಕೂಗಿದರು. ಉಳಿದವರೂ ಬಂದರು.

ವ್ಯಾನಿನ ಕಥೆಯನ್ನಂತೂ ಹೇಳಲೇಬೇಕು. ಅಂದು ವಜ್ರ ನಿಜವಾಗಿಯೂ ನಮ್ಮ ಕೈಗೆ ಬಂದಿತ್ತು. ಮೂವರು ವ್ಯಾನು ಹತ್ತಿದ್ದೆವು. ಶಿವರಾಜನೊಬ್ಬ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದಿದ್ದ. ಒಬ್ಬನನ್ನು ಬಿಟ್ಟು ಹೋದರೂ ಗೆದ್ದಂತೆಯೇ ಲೆಕ್ಕ. ಶಿವರಾಜನೇ, "ನನ್ನ ಬಿಡ್ರಿ, ನೀವು ಗಾಡಿ ಹೊಡೀರಿ" ಎನ್ನುತ್ತಿದ್ದ.

"ಹತ್ತಿದ ಪ್ಯಾಸೆಂಜರ್ ಇಳದು ಚಾ ಕುಡ್ಯಾಕ ಹೋದ್ರೂ ಬಿಟ್ಟು ಬಂದಾಂವ ಅಲ್ಲ ನಾನು," ಎಂದು ಭಾವ ಇಳಿದೇಬಿಟ್ಟರು. ಅವರನ್ನು ತಡೆಯಲು ನಾನಿಳಿದೆ. ನನ್ನನ್ನು ಕರೆಯಲು ಇಮ್ರಾನ್ ಇಳಿದ. ಖಾಲಿ ವ್ಯಾನೊಂದೇ ಗೇಟಿನ ಹತ್ತಿರ ಉಳಿಯಿತು.

ಮರುದಿನ ಶಿವರಾಜ ನನ್ನ ಅಂಗಡಿಗೇ ಬಂದ. "ನಿಮ್ಮ ಭಾವನ್ನ ಒಂದು ಸಲ ಬಿಟ್ಟು ಆಡೂಣು. ಒಮ್ಮೆರೆ ಗೆಲ್ಲೂಣು," ಎಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ಆದರೆ ನಾವು ಬಿಟ್ಟರೆ ಭಾವ ಕುರ್ಚಿ ಬಿಡುತ್ತಾರೆ, ಕುರ್ಚಿ ಬಿಟ್ಟರೆ ಬಸ್ ನಿಲ್ದಾಣ. ಅತ್ತ ಅಕ್ಕ ದಿನಾ ಫೋನು ಮಾಡಿ, "ಇವತ್ತೂ ಹೊರಗ ಹೋಗಿಲ್ಲ ನೋಡು" ಎಂದು ಸಣ್ಣ ಹುಡುಗಿಯಂತೆ ಹಿಗ್ಗುತ್ತಿದ್ದಳು. ಶಿವರಾಜನಿಗೆ ಅಷ್ಟು ಹೇಳಿದೆ. ಅವನು ಗೊಣಗಿಕೊಂಡೇ ಹೋದ. ಸಂಜೆ ಎಲ್ಲರಿಗಿಂತ ಮೊದಲು ಅವನೇ ಆಟಕ್ಕೆ ಬಂದು ಕೂತಿದ್ದ.

ಒಂದು ಮುಂಜಾನೆ ಭಾವ ಏಳಲಿಲ್ಲ. ಪಕ್ಕದಲ್ಲಿ ಮಲಗಿದ್ದ ಅಕ್ಕನಿಗೂ ಗೊತ್ತಾಗಿರಲಿಲ್ಲ. ಒಂದು ಕೆಲಸವನ್ನೂ ಸದ್ದಿಲ್ಲದೆ ಮಾಡದ ಮನುಷ್ಯ ಇದೊಂದನ್ನು ಹಾಗೆ ಮಾಡಿದರು. ಕುರ್ಚಿಯಲ್ಲಿ ಕೂಡಿಸಿದ್ದು ಸಾಲಲಿಲ್ಲ.

ಗೇಮು ಬಿಟ್ಟೆವು. ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಇಮ್ರಾನ್‌ನೇ ನಮ್ಮಿಬ್ಬರನ್ನು ಕರೆದ. ಬಂಗಲೆಯ ಗೇಟಿನಲ್ಲಿ ಮೂವರು ನಿಂತಿದ್ದಾಗ, ನಮ್ಮ ಪಕ್ಕಕ್ಕೆ ನಾಲ್ಕನೆಯ ಕಳ್ಳ ಬಂದು ನಿಂತ. ಮೇಲೆ ಭಾವನ ಹೆಸರು. ಶಿವರಾಜ ಉಸಿರೆಳೆದುಕೊಂಡದ್ದು ಕೇಳಿಸಿತು.

"ನಾನೋ ತಮ್ಮಾ," ಎಂದಳು ಅಕ್ಕ. "ಚಾಲೂ ಮಾಡೂದು ನೋಡಿ ನೋಡಿ ಬಂದೈತಿ. ದಿನಾ ಸಂಜಿಕಿ ಹಚ್ಚಿ ನೋಡ್ತಿದ್ದೆ, ಇವತ್ತ ಸಿಕ್ರಿ."

"ಆಡಾಕ ಬಂದೀ ಏನಕ್ಕಾ?"

"ಇಲ್ಲಪಾ. ಅವರು ಕಿವಿಗಿ ಇದನ್ನ ಹಾಕ್ಕೊಂಡಿರ್ತಿದ್ರು. ಅಡಗಿಮನ್ಯಾಗ ನನಗ ಅವರ ಮಾತಷ್ಟ ಕೇಳಸ್ತಿತ್ತು. ನಡನಡುವ ಬಿದ್ದು ಬಿದ್ದು ನಗ್ತಿದ್ರು. ನೀವು ಏನ್ ಅಂತಿದ್ರಿ ಅನ್ನೂದು ನನಗ ಗೊತ್ತಾಗಲೇ ಇಲ್ಲ. ಅದನ್ನೊಂದು ಸಲ ಅನ್ರಿ. ಕೇಳ್ತೀನಿ."

ಇಮ್ರಾನ್ ಶುರುಮಾಡಿದ.

"ಚಾಚಾ, ನಿಮ್ಮ ಕಾಲಿಗಿ ಬೀಳ್ತೀನಿ, ಬಾಯಿ ಮುಚ್ರಿ."

ಅಕ್ಕ ಸಣ್ಣಗೆ ನಕ್ಕಳು. ಶಿವರಾಜ ಮೊದಲಿನಂತೆಯೇ ಭಾವನಿಗೆ ಬೈದ. ನಾನೂ ಬೈದೆ. ಬೈಯುತ್ತ ಬೈಯುತ್ತ ದನಿ ಏರಿತು, ಬಂಗಲೆಯ ದೀಪಗಳು ಹೊತ್ತಿಕೊಂಡವು, ಕಾವಲುಗಾರರೆಲ್ಲ ನಮ್ಮ ಕಡೆ ಓಡಿ ಬರತೊಡಗಿದರು.

"ಅಕ್ಕಾ, ಬಂದ್ರು," ಎಂದೆ.

"ಬರಲಿ ಬಿಡು," ಎಂದಳು. "ನೀವು ಮುಂದ ಅನ್ರಿ."